ಹೋದಷ್ಟೇ ಜನ ವಾಪಸ್ ಬರಬೇಕು: ಟೂರ್ ಗೈಡ್‌ಗಳಿಗೆ ಸುರಕ್ಷತೆಯ ಸಮಗ್ರ ಮಾರ್ಗದರ್ಶಿ

"ಎಲ್ಲರೂ ಬಂದ್ರಾ?" ಅಂತ ಬಸ್ಸಿನ ಬಾಗಿಲಲ್ಲಿ ನಿಂತು ಕೇಳುವ ಗೈಡ್ ಇನ್ನೂ ಕೆಲಸ ಕಲಿತಿಲ್ಲ ಅಂತಲೇ ಲೆಕ್ಕ. ಹಿಂದಿನ ಸೀಟಿನಿಂದ ಯಾರೋ ಒಬ್ಬರು "ಬಂದ್ರು ಬಂದ್ರು, ಹೊರಡಿ" ಅನ್ನುತ್ತಾರೆ. ಬರದೇ ಇರುವವರು ಉತ್ತರ ಕೊಡುವುದಿಲ್ಲವಲ್ಲ! ನಾನೂ ಮೊದಲ ವರ್ಷ ಹೀಗೇ ಕೇಳಿ, ಶೌಚಾಲಯಕ್ಕೆ ಹೋಗಿದ್ದ ಹಿರಿಯರೊಬ್ಬರನ್ನು ಬಿಟ್ಟು ಅರ್ಧ ಗಂಟೆ ದಾರಿ ಹೋಗಿದ್ದೆ. ಅವರ ಹೆಂಡತಿ ಬಸ್ಸಿನಲ್ಲೇ ಇದ್ದರು, ನಿದ್ದೆ ಮಾಡುತ್ತಿದ್ದರು.

ನನ್ನದು ನಗುವಲ್ಲಿ ಮುಗಿಯಿತು. ಎಲ್ಲರದ್ದೂ ಹಾಗೆ ಮುಗಿಯುವುದಿಲ್ಲ. 1998ರ ಜನವರಿ 25ರಂದು ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ಗೆ ಡೈವಿಂಗ್‌ಗೆಂದು ಪ್ರವಾಸಿಗರನ್ನು ಕರೆದೊಯ್ದ ದೋಣಿಯೊಂದು ಅಮೆರಿಕದ ಗಂಡ-ಹೆಂಡತಿಯನ್ನು ಸಮುದ್ರದಲ್ಲೇ ಬಿಟ್ಟು ದಡಕ್ಕೆ ಬಂದುಬಿಟ್ಟಿತು. ತಲೆ ಎಣಿಕೆ ತಪ್ಪಿತ್ತು. ಅವರ ಬ್ಯಾಗು ದೋಣಿಯಲ್ಲೇ ಉಳಿದಿದ್ದನ್ನು ಕಂಡು, ಅವರು ಬಂದೇ ಇಲ್ಲ ಅಂತ ಗೊತ್ತಾಗುವಷ್ಟರಲ್ಲಿ ಎರಡು ದಿನ ಕಳೆದಿತ್ತು. ಅವರು ಮತ್ತೆ ಸಿಗಲೇ ಇಲ್ಲ.

ಗೈಡ್ ಅಂದರೆ ಕಥೆ ಹೇಳುವವರು, ದಾರಿ ತೋರಿಸುವವರು ಅಂತ ಜನ ಅಂದುಕೊಂಡಿದ್ದಾರೆ. ಅದೂ ಹೌದು. ಆದರೆ ಎಣಿಸುವುದು ಮತ್ತು ಬೇಕಾದಾಗ "ಬೇಡ" ಅನ್ನುವುದು, ಇವೆರಡು ಬರದಿದ್ದರೆ ಉಳಿದಿದ್ದೆಲ್ಲ ಬಂದೂ ಪ್ರಯೋಜನವಿಲ್ಲ. ಕೆಳಗೆ ಬರೆದಿರುವುದು ಹೊಸದಾಗಿ ಈ ಕೆಲಸಕ್ಕೆ ಬಂದವರಿಗೆ. ಹಳಬರು ಓದಿ ಜಗಳ ಆಡಿದರೂ ಸಂತೋಷವೇ.

ಹೊರಡುವ ಮೊದಲು: ಪಟ್ಟಿ

ಹೆಸರು, ವಯಸ್ಸು, ಮನೆಯವರ ಫೋನ್ ನಂಬರು, ಇನ್ಶೂರೆನ್ಸ್ ಪಾಲಿಸಿ ನಂಬರು ಮತ್ತು ಆ ಕಂಪನಿಯ ತುರ್ತು ನಂಬರು, ಪಾಸ್‌ಪೋರ್ಟ್ ಬೇಕಾದ ಪ್ರವಾಸವಾದರೆ ಅದರ ಪ್ರತಿ. ಇಷ್ಟನ್ನು ಎಲ್ಲರೂ ಬರೆದುಕೊಳ್ಳುತ್ತಾರೆ. ಕೈತಪ್ಪುವುದು ಆರೋಗ್ಯದ ವಿಷಯ. "ನಿಮಗೇನಾದರೂ ಕಾಯಿಲೆ ಇದೆಯಾ?" ಅಂತ ಕೇಳಿದರೆ ಬಹಳಷ್ಟು ಜನ "ಏನೂ ಇಲ್ಲ" ಅಂದುಬಿಡುತ್ತಾರೆ. ಸುಳ್ಳು ಹೇಳಬೇಕು ಅಂತಲ್ಲ. ಹತ್ತು ವರ್ಷದಿಂದ ಬಿಪಿ ಮಾತ್ರೆ ನುಂಗುತ್ತಿರುವವರಿಗೆ ಅದೊಂದು ಕಾಯಿಲೆ ಅಂತಲೇ ಅನ್ನಿಸುವುದಿಲ್ಲ, ಅಷ್ಟೇ.

ಹಾಗಾಗಿ ಪ್ರಶ್ನೆ ಬದಲಾಯಿಸಿ. "ದಿನಾ ಯಾವ ಮಾತ್ರೆ ತಗೊಳ್ತೀರಿ?" "ಏನು ತಿಂದರೆ, ಯಾವುದು ಕಚ್ಚಿದರೆ ನಿಮಗೆ ಆಗುವುದಿಲ್ಲ?" "ನಾಲ್ಕು ಮಹಡಿ ನಿಲ್ಲದೆ ಹತ್ತುತ್ತೀರಾ?" "ಈಜು ಬರುತ್ತಾ?" ಈ ನಾಲ್ಕು ಪ್ರಶ್ನೆಗೆ ಸಿಗುವ ಉತ್ತರ ಯಾವ ಫಾರ್ಮಿನಲ್ಲೂ ಸಿಗುವುದಿಲ್ಲ. ಎಲ್ಲರ ಎದುರಿಗೆ ಕೇಳಬೇಡಿ, ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕೇಳಿ.

ಪಟ್ಟಿ ಫೋನಿನಲ್ಲೂ ಇರಲಿ, ಕಾಗದದಲ್ಲೂ ಇರಲಿ. ಫೋನು ಸಾಯುತ್ತದೆ, ನೀರಿಗೆ ಬೀಳುತ್ತದೆ, ಕಾಗದಕ್ಕೆ ಚಾರ್ಜ್ ಬೇಡ. ಒಂದು ಪ್ರತಿ ಆಫೀಸಿನಲ್ಲಿ ಇರಬೇಕು, ಏಕೆಂದರೆ ತೊಂದರೆ ಆಗುವುದು ನಿಮಗೇ ಆಗಬಹುದು. ಪ್ರವಾಸ ಮುಗಿದು ಯಾವ ತಕರಾರೂ ಇಲ್ಲ ಅಂತ ಆದ ಮೇಲೆ ಆರೋಗ್ಯದ ವಿವರ ಇರುವ ಹಾಳೆ ಹರಿದು ಹಾಕಿ. ಅದು ಅವರ ಸ್ವಂತ ವಿಷಯ.

ದಾರಿಯ ಲೆಕ್ಕ

ಪ್ರತಿ ತಂಗುವ ಜಾಗಕ್ಕೂ ಇಷ್ಟು ಬರೆದಿಟ್ಟುಕೊಳ್ಳಿ: ಹತ್ತಿರದ ಆಸ್ಪತ್ರೆ ಯಾವುದು, ರಾತ್ರಿ ತೆರೆದಿರುತ್ತದಾ, ಅಲ್ಲಿಗೆ ಹೋಗಲು ಎಷ್ಟು ನಿಮಿಷ, ಗಾಡಿ ಎಲ್ಲಿಯ ತನಕ ಬರುತ್ತದೆ, ಫೋನಿನ ಸಿಗ್ನಲ್ ಎಲ್ಲಿ ಹೋಗುತ್ತದೆ. ಕೊನೆಯದು ಬಹಳ ಮುಖ್ಯ. ಸಿಗ್ನಲ್ ಇರುವ ಕೊನೆಯ ಜಾಗ ಗೊತ್ತಿದ್ದರೆ ಸಹಾಯಕ್ಕೆ ಓಡುವವರು ಎಷ್ಟು ದೂರ ಓಡಬೇಕು ಅಂತ ಹೇಳಬಹುದು. ಇಲ್ಲದಿದ್ದರೆ ಅವರು ಫೋನು ಮೇಲೆತ್ತಿಕೊಂಡು ಗುಡ್ಡವೆಲ್ಲ ಅಲೆಯುತ್ತಾರೆ.

ತುರ್ತು ನಂಬರು ದೇಶದಿಂದ ದೇಶಕ್ಕೆ ಬೇರೆ. ಯುರೋಪಿಯನ್ ಒಕ್ಕೂಟದಲ್ಲೂ ಭಾರತದಲ್ಲೂ 112, ಅಮೆರಿಕದಲ್ಲಿ 911, ಬ್ರಿಟನ್ನಿನಲ್ಲಿ 999, ಅಲ್ಲೂ 112 ನಡೆಯುತ್ತದೆ. ಬೇರೆ ಕಡೆಗಳಲ್ಲೂ ಮೊಬೈಲಿನಿಂದ 112 ಒತ್ತಿದರೆ ಎಷ್ಟೋ ಸಲ ಸ್ಥಳೀಯ ಸೇವೆಗೆ ಸಂಪರ್ಕ ಸಿಗುತ್ತದೆ. ಆದರೂ ಅದನ್ನೇ ನಂಬಿ ಹೊರಡಬೇಡಿ, ಹೋಗುವ ದೇಶದ ನಂಬರು ಬರೆದು ಎಲ್ಲರ ಫೋನಿಗೂ ಹಾಕಿಸಿ.

ಮಳೆ ಇಲ್ಲಿ ಬರುತ್ತದಾ ಅಂತ ಮಾತ್ರ ನೋಡಿದರೆ ಸಾಲದು. ಹೊಳೆ, ಕಣಿವೆ, ಜಲಪಾತ ಇದ್ದರೆ ಮೇಲುಗಡೆ ಎಲ್ಲಿ ಮಳೆಯಾಗುತ್ತಿದೆ ಅಂತ ನೋಡಬೇಕು. 1999ರ ಜುಲೈ 27ರಂದು ಸ್ವಿಟ್ಜರ್ಲೆಂಡಿನ ಇಂಟರ್‌ಲಾಕೆನ್ ಹತ್ತಿರದ ಸಾಕ್ಸೆಟ್‌ಬಾಖ್ ಎಂಬ ಕಣಿವೆ ತೊರೆಯಲ್ಲಿ ಇಳಿಯುತ್ತಿದ್ದ ಗುಂಪಿನ ಮೇಲೆ, ಮೇಲ್ಭಾಗದ ಗುಡುಗು ಮಳೆಯಿಂದ ಒಮ್ಮೆಲೇ ಪ್ರವಾಹ ನುಗ್ಗಿ 21 ಜನ ಸತ್ತರು. ಅವರಲ್ಲಿ ಮೂವರು ಗೈಡ್‌ಗಳು. ನೀರು ಇದ್ದಕ್ಕಿದ್ದಂತೆ ಕೆಂಪಾಯಿತು, ಕಡ್ಡಿ-ಎಲೆ ಜಾಸ್ತಿ ಬರುತ್ತಿದೆ, ಸದ್ದು ಬದಲಾಯಿತು ಅಂದರೆ ಫೋಟೊ ಮುಗಿಯಲಿ ಅಂತ ಕಾಯಬೇಡಿ. ಮೇಲಕ್ಕೆ ಹತ್ತಿ.

ಗಾಡಿ, ಡ್ರೈವರ್, ಕಿಟ್

ಕಾಡು ಪ್ರಾಣಿ, ಹಾವು ಅಂತ ಎಲ್ಲರೂ ಹೆದರುತ್ತಾರೆ. ನನಗೆ ಹೆದರಿಕೆ ರಸ್ತೆಯದ್ದು. ಬೆಳಗ್ಗೆ ಗಾಡಿಯ ಟೈರ್, ಬ್ರೇಕ್, ಸೀಟ್ ಬೆಲ್ಟ್, ತುರ್ತು ಬಾಗಿಲು, ಬೆಂಕಿ ಆರಿಸುವ ಸಿಲಿಂಡರ್ ನೋಡಿ. ತುರ್ತು ಬಾಗಿಲನ್ನು ನಿಜವಾಗಿಯೂ ತೆರೆದು ನೋಡಿ, ಅದರ ಎದುರಿಗೆ ಸೂಟ್‌ಕೇಸು ಪೇರಿಸಿರುವುದನ್ನು ನಾನು ಎಷ್ಟು ಸಲ ಕಂಡಿದ್ದೇನೋ. ಗಾಜು ಒಡೆಯುವ ಸುತ್ತಿಗೆ ಇದ್ದರೆ ಪಕ್ಕದ ಕಿಟಕಿಯ ಮೂಲೆಗೆ ಹೊಡೆಯಬೇಕು, ನಡುವಿಗಲ್ಲ. ಮುಂದಿನ ದೊಡ್ಡ ಗಾಜು ಪದರ ಪದರವಾಗಿ ಅಂಟಿಸಿದ್ದು, ಅದು ಹಾಗೆ ಪುಡಿಯಾಗುವುದಿಲ್ಲ.

ಆಮೇಲೆ ಡ್ರೈವರ್ ಹತ್ತಿರ ಸುಮ್ನೆ ಎರಡು ಮಾತಾಡಿ. ರಾತ್ರಿ ಎಷ್ಟು ಹೊತ್ತಿಗೆ ಮಲಗಿದರು, ಎಲ್ಲಿ ಮಲಗಿದರು? ಗಾಡಿಯೊಳಗೇ ಮುದುಡಿ ಮಲಗಿದವರಿಗೆ ಆರು ಗಂಟೆಯ ಘಾಟಿ ರಸ್ತೆ ಕೊಡುವುದು ನಿಮ್ಮ ತಪ್ಪು, ಅವರದ್ದಲ್ಲ. ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ನಾಲ್ಕೂವರೆ ಗಂಟೆ ಓಡಿಸಿದರೆ ಒಟ್ಟು 45 ನಿಮಿಷದ ವಿರಾಮ ಕಡ್ಡಾಯ. ನಿಮ್ಮಲ್ಲಿ ಅಂಥ ನಿಯಮ ಇಲ್ಲದಿದ್ದರೂ ನಾಲ್ಕೂವರೆ ಗಂಟೆಯನ್ನು ಗೆರೆ ಅಂತ ಇಟ್ಟುಕೊಳ್ಳಿ. ನಾನು ಎರಡು ಗಂಟೆಗೊಮ್ಮೆ ನಿಲ್ಲಿಸುತ್ತೇನೆ, ಜನಕ್ಕೂ ಕಾಲು ಚಾಚಲು ಬೇಕಲ್ವಾ.

ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎರಡು: ಗಾಡಿಯಲ್ಲಿ ದೊಡ್ಡದು, ನಿಮ್ಮ ಬೆನ್ನ ಮೇಲೆ ಚಿಕ್ಕದು. ಚಿಕ್ಕದರಲ್ಲಿ ಕೈಗವಸು, ಗಾಜ್ ಬಟ್ಟೆ, ಸುತ್ತುವ ಬ್ಯಾಂಡೇಜ್, ಅಂಟುಪಟ್ಟಿ, ಕತ್ತರಿ, ತ್ರಿಕೋನದ ಬಟ್ಟೆ, ಓಆರ್‌ಎಸ್, ಸಕ್ಕರೆ ಅಥವಾ ಗ್ಲೂಕೋಸ್, ಮೈ ಬೆಚ್ಚಗಿಡುವ ಬೆಳ್ಳಿ ಹಾಳೆ, ಟಾರ್ಚ್, ಸೀಟಿ, ಪೆನ್ನು. ಪೆನ್ನು ಯಾಕೆ ಅಂತ ಮುಂದೆ ಹೇಳುತ್ತೇನೆ. ಮಾತ್ರೆ ಹಂಚುವ ಅಭ್ಯಾಸ ಬೇಡ. ಅವರವರ ಔಷಧಿಯನ್ನು ಅವರವರು ತೆಗೆದುಕೊಳ್ಳಲು ಸಹಾಯ ಮಾಡಿ, ನಿಮ್ಮ ಮಾತ್ರೆಯನ್ನು ಇನ್ನೊಬ್ಬರ ಬಾಯಿಗೆ ಹಾಕಬೇಡಿ. ಮತ್ತೆ, ಪೆಟ್ಟಿಗೆ ಇದ್ದರೆ ಸಾಲದು, ಪ್ರಥಮ ಚಿಕಿತ್ಸೆಯ ತರಬೇತಿ ಕೈಯಾರೆ ಮಾಡಿ ಕಲಿತಿರಬೇಕು. ಈ ಬರಹ ಓದಿದ್ದು ತರಬೇತಿ ಅಲ್ಲ.

ಮೊದಲ ಮಾತು

ಪ್ರವಾಸದ ಮೊದಲ ಸುರಕ್ಷತೆಯ ಮಾತು ಐದು ನಿಮಿಷ ದಾಟಿದರೆ ಯಾರೂ ಕೇಳುವುದಿಲ್ಲ. ಇಪ್ಪತ್ತು ನಿಯಮ ಹೇಳಿ ಒಂದೂ ನೆನಪಿರದೆ ಇರುವುದಕ್ಕಿಂತ ಐದು ಹೇಳಿ ಐದೂ ಉಳಿಯುವುದು ಮೇಲು. ನನ್ನ ಐದು ಇವು.

ಒಂದು, ಎಲ್ಲಿಗೆ ಹೋದರೂ ನನಗೆ ಅಥವಾ ಜೊತೆಗಾರರಿಗೆ ಹೇಳಿ ಹೋಗಿ. ಎರಡು, ದಾರಿ ತಪ್ಪಿತು ಅನ್ನಿಸಿದರೆ ಅಲ್ಲೇ ನಿಲ್ಲಿ, ನಾವು ಬರುತ್ತೇವೆ. ಮೂರು, ಮೈ ಸರಿಯಿಲ್ಲ ಅನ್ನಿಸಿದ ತಕ್ಷಣ ಹೇಳಿ, ಗುಂಪಿಗೆ ತೊಂದರೆ ಆಗುತ್ತದೆ ಅಂತ ಸಂಕೋಚ ಬೇಡ. ನಾಲ್ಕು, ಸೀಟ್ ಬೆಲ್ಟ್. ಐದು, ನಾನು "ನಿಲ್ಲಿ" ಅಂದರೆ ಮೊದಲು ನಿಲ್ಲಿ, ಆಮೇಲೆ ಯಾಕೆ ಅಂತ ಕೇಳಿ.

ಉಳಿದಿದ್ದನ್ನು ಆಯಾ ಜಾಗದಲ್ಲಿ ಹೇಳಿ. ನೀರಿನ ಮಾತು ನೀರಿನ ದಡದಲ್ಲಿ, ಪ್ರಾಣಿಯ ಮಾತು ಕಾಡಿನ ಬಾಗಿಲಲ್ಲಿ. ಬಸ್ಸಿನಲ್ಲಿ ಹೇಳಿದ ಅಲೆಯ ಮಾತನ್ನು ಮೂರನೇ ದಿನ ಬೀಚಿನಲ್ಲಿ ಯಾರು ನೆನಪಿಟ್ಟುಕೊಳ್ಳುತ್ತಾರೆ?

ಎಣಿಸುವ ಬಗೆ

ಸುಲಭ ಅನ್ನಿಸುತ್ತದೆ, ಅದಕ್ಕೇ ತಪ್ಪುತ್ತದೆ. ನಡೆದಾಡುತ್ತಿರುವ ಜನರನ್ನು ಎಣಿಸಬೇಡಿ, ನಿಲ್ಲಿಸಿ ಅಥವಾ ಕೂರಿಸಿ ಎಣಿಸಿ. ನಿಮ್ಮನ್ನೂ ಡ್ರೈವರನ್ನೂ ಸೇರಿಸಿ ಎಣಿಸುತ್ತೀರೋ ಬಿಟ್ಟು ಎಣಿಸುತ್ತೀರೋ ಮೊದಲ ದಿನವೇ ತೀರ್ಮಾನಿಸಿ, ನಡುವೆ ಬದಲಾಯಿಸಬೇಡಿ. ಇಬ್ಬರು ಇದ್ದರೆ ಇಬ್ಬರೂ ಬೇರೆ ಬೇರೆಯಾಗಿ ಎಣಿಸಿ, ಒಬ್ಬರು ಇನ್ನೊಬ್ಬರಿಗೆ ಸಂಖ್ಯೆ ಮೊದಲೇ ಹೇಳಬಾರದು. "ಇಪ್ಪತ್ತನಾಲ್ಕು ಅಲ್ವಾ?" ಅಂತ ಕೇಳಿದರೆ ಎದುರಿನವರಿಗೂ ಇಪ್ಪತ್ತನಾಲ್ಕೇ ಕಾಣುತ್ತದೆ.

ದೋಣಿ, ಗುಹೆ, ಕಾಡಿನ ದಾರಿ ಮುಂತಾದ ಕಡೆ ಹೆಸರು ಕೂಗಿಯೇ ಹಾಜರಿ ತೆಗೆದುಕೊಳ್ಳಿ. ಪ್ರತಿಯೊಬ್ಬರೂ ತಮ್ಮ ಬಾಯಿಂದಲೇ "ಇದ್ದೇನೆ" ಅನ್ನಬೇಕು, ಗೆಳೆಯರ ಪರವಾಗಿ ಯಾರೂ ಹೇಳುವಂತಿಲ್ಲ. ಸ್ಕೂಲು ಅನ್ನಿಸುತ್ತದೆ ಅಂತ ಕೆಲವರು ಮುಖ ಮುರಿಯುತ್ತಾರೆ, ಮುರಿಯಲಿ. ಜೊತೆಗೆ ಇಬ್ಬಿಬ್ಬರ ಜೋಡಿ ಮಾಡಿ. ಗಂಡ-ಹೆಂಡತಿಯೇ ಜೋಡಿಯಾದರೆ ಇಬ್ಬರೂ ಒಟ್ಟಿಗೇ ಕಾಣೆಯಾಗುತ್ತಾರೆ, ಆಗ ಹೇಳುವವರೇ ಇರುವುದಿಲ್ಲ. ಆ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಆಗಿದ್ದೂ ಅದೇ. ಅದಕ್ಕೇ ನಾನು ಎರಡು ಜೋಡಿ ಸೇರಿಸಿ ನಾಲ್ವರ ಗುಂಪು ಮಾಡುತ್ತೇನೆ.

ಎಣಿಸಬೇಕಾದದ್ದು: ಹತ್ತಿದಾಗ, ಇಳಿದಾಗ, ದಾರಿ ಕವಲಾದಾಗ, ಜನಜಂಗುಳಿ ದಾಟಿದಾಗ, ನೀರಿಗಿಳಿಯುವ ಮೊದಲು ಮತ್ತು ಮೇಲೆ ಬಂದ ಮೇಲೆ. ಸಾಲಾಗಿ ನಡೆಯುವಾಗ ಮುಂದೆ ಒಬ್ಬರು, ಹಿಂದೆ ಒಬ್ಬರು ದಾರಿ ಗೊತ್ತಿರುವವರು ಇರಬೇಕು. ನಡಿಗೆಯ ವೇಗ ಎಲ್ಲರಿಗಿಂತ ನಿಧಾನ ಇರುವವರದ್ದು.

"ಬೇಡ" ಅನ್ನುವುದು

ಇದು ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು. ಜನ ದುಡ್ಡು ಕೊಟ್ಟಿದ್ದಾರೆ, ರಜೆ ಹಾಕಿ ಬಂದಿದ್ದಾರೆ, ಆಫೀಸಿನವರು "ಹೇಗಾದರೂ ಮುಗಿಸು" ಅನ್ನುತ್ತಾರೆ, ಪಕ್ಕದ ಗುಂಪಿನ ಗೈಡ್ ತನ್ನವರನ್ನು ಕರೆದುಕೊಂಡು ಮುಂದೆ ಹೋಗುತ್ತಿದ್ದಾನೆ. ಆ ಹೊತ್ತಿನಲ್ಲಿ ಯೋಚಿಸಿ ತೀರ್ಮಾನ ಮಾಡಲು ಆಗುವುದಿಲ್ಲ. ತೀರ್ಮಾನ ಬೆಳಗ್ಗೆಯೇ ಆಗಿರಬೇಕು.

1996ರ ಮೇ 10ರಂದು ಎವರೆಸ್ಟ್ ಮೇಲೆ ಆಗಿದ್ದು ನೆನಪಿಸಿಕೊಳ್ಳಿ. ಮಧ್ಯಾಹ್ನ 2 ಗಂಟೆ ಅಂದರೆ ವಾಪಸ್ ತಿರುಗುವ ಹೊತ್ತು ಅನ್ನುವುದು ಗೊತ್ತಿದ್ದ ಮಾತು. ಆದರೂ 2 ದಾಟಿದ ಮೇಲೂ ಹಲವರು ಮೇಲಕ್ಕೇ ಹೋಗುತ್ತಿದ್ದರು. ಸಂಜೆ ಬಿರುಗಾಳಿ ಬಂತು. ಎಂಟು ಜನ ಸತ್ತರು, ಅವರಲ್ಲಿ ಇಬ್ಬರು ಬೇರೆಯವರನ್ನು ಕರೆದೊಯ್ದ ಅನುಭವಿ ತಂಡನಾಯಕರು. ಅನುಭವ ಇಲ್ಲದೆ ಆಗಿದ್ದಲ್ಲ ಅದು. ಎದುರಿಗೇ ಶಿಖರ ಕಾಣುತ್ತಿದ್ದಾಗ "ಬೇಡ" ಅನ್ನುವುದು ಅಷ್ಟು ಕಷ್ಟ.

ಹಾಗಾಗಿ ಹೊರಡುವಾಗಲೇ ಎಲ್ಲರ ಎದುರಿಗೆ ಹೇಳಿ: "ಎಷ್ಟೇ ಹತ್ತಿರ ಇರಲಿ, 1 ಗಂಟೆಗೆ ವಾಪಸ್." "ನೀರು ಈ ಕಲ್ಲು ಮುಟ್ಟಿದರೆ ದಾಟುವುದಿಲ್ಲ." ಗಡಿಯಾರ ಮತ್ತು ಕಲ್ಲಿನ ಜೊತೆ ಯಾರೂ ವಾದ ಮಾಡಲಾಗುವುದಿಲ್ಲ, ನಿಮ್ಮ ಜೊತೆ ಮಾಡುತ್ತಾರೆ. ಬೇರೆ ಒಂದು ಜಾಗ ಕೈಯಲ್ಲಿ ಇಟ್ಟುಕೊಂಡಿರಿ. ಬರೀ "ಆಗಲ್ಲ" ಅಂದರೆ ಸಿಟ್ಟು, "ಇದರ ಬದಲು ಅಲ್ಲಿಗೆ ಹೋಗೋಣ" ಅಂದರೆ ಗೊಣಗಾಟ. ಗೊಣಗಾಟದ ಜೊತೆ ಬದುಕಬಹುದು.

ಇನ್ನೊಂದು. ಅಪಾಯದ ಗುರುತು ಗುಂಪಿನಲ್ಲಿ ಯಾರಿಗೆ ಬೇಕಾದರೂ ಕಾಣಬಹುದು. 2004ರ ಡಿಸೆಂಬರ್ 26ರ ಸುನಾಮಿಯ ದಿನ ಥಾಯ್ಲೆಂಡಿನ ಫುಕೆಟ್‌ನ ಒಂದು ಬೀಚಿನಲ್ಲಿ ಸಮುದ್ರ ನೊರೆ ನೊರೆಯಾಗುತ್ತಿರುವುದನ್ನು ಕಂಡು ಏನೋ ಸರಿಯಿಲ್ಲ ಅಂತ ಹಟ ಹಿಡಿದವಳು ರಜೆಗೆ ಬಂದಿದ್ದ ಬ್ರಿಟನ್ನಿನ ಹತ್ತು ವರ್ಷದ ಹುಡುಗಿ. ಎರಡು ವಾರದ ಹಿಂದೆ ಭೂಗೋಳದ ತರಗತಿಯಲ್ಲಿ ಕಲಿತಿದ್ದಳಂತೆ. ದೊಡ್ಡವರು ಕಿವಿಗೊಟ್ಟಿದ್ದರಿಂದ ಆ ಬೀಚು ಸಮಯಕ್ಕೆ ಖಾಲಿಯಾಯಿತು. ಯಾರಾದರೂ "ಇದು ಸರಿ ಕಾಣ್ತಿಲ್ಲ" ಅಂದರೆ ನಗಬೇಡಿ.

ಏನಾದರೂ ಆಗಿಹೋದಾಗ: ಮೊದಲ ಎರಡು ನಿಮಿಷ

ಓಡಬೇಡಿ. ಒಂದು ಉಸಿರು ತೆಗೆದುಕೊಂಡು ಸುತ್ತ ನೋಡಿ. ಬಿದ್ದವರನ್ನು ಕೆಡವಿದ್ದು ಇನ್ನೂ ಅಲ್ಲೇ ಇದೆಯಾ? ಜಾರುವ ಬಂಡೆ, ಕರೆಂಟಿನ ತಂತಿ, ಜೇನು, ವೇಗವಾಗಿ ಬರುವ ಗಾಡಿಗಳು? ನೀವೂ ಬಿದ್ದರೆ ಗುಂಪಿಗೆ ಯಾರೂ ಇರುವುದಿಲ್ಲ. ಕ್ರಮ ಹೀಗೆ: ಮೊದಲು ನೀವು ಸುರಕ್ಷಿತ, ಆಮೇಲೆ ಉಳಿದ ಗುಂಪು, ಆಮೇಲೆ ಪೆಟ್ಟಾದವರು. ಕೇಳಲು ಕಲ್ಲೆದೆಯ ಮಾತು ಅನ್ನಿಸಬಹುದು, ಆದರೆ ಒಬ್ಬರಿಗಾಗಿ ಇನ್ನಿಬ್ಬರು ಬಿದ್ದರೆ ಲೆಕ್ಕ ಮೂರಾಗುತ್ತದೆ.

ಆಮೇಲೆ ಕೆಲಸ ಹಂಚಿ. "ಯಾರಾದರೂ ಫೋನ್ ಮಾಡಿ" ಅಂದರೆ ಯಾರೂ ಮಾಡುವುದಿಲ್ಲ, ಎಲ್ಲರೂ ಬೇರೆಯವರು ಮಾಡಿದರು ಅಂದುಕೊಳ್ಳುತ್ತಾರೆ. ಬೆರಳು ತೋರಿಸಿ ಹೇಳಿ: "ನೀವು, ನೀಲಿ ಶರ್ಟಿನವರು, ಆಂಬುಲೆನ್ಸಿಗೆ ಫೋನ್ ಮಾಡಿ, ಮಾಡಿದ ಮೇಲೆ ನನಗೆ ಬಂದು ಹೇಳಿ." "ನೀವಿಬ್ಬರು ರಸ್ತೆಯ ತಿರುವಿನಲ್ಲಿ ನಿಂತು ಗಾಡಿಗೆ ದಾರಿ ತೋರಿಸಿ." "ನೀವು ಮಕ್ಕಳನ್ನು ಆ ಮರದ ನೆರಳಿಗೆ ಕರೆದುಕೊಂಡು ಹೋಗಿ." ಜಾಸ್ತಿ ಕೂಗಾಡುವವರಿಗೇ ಒಂದು ಕೆಲಸ ಕೊಡಿ, ತಣ್ಣಗಾಗುತ್ತಾರೆ.

ಫೋನಿನಲ್ಲಿ ಮೊದಲು ಜಾಗ ಹೇಳಿ. ಕರೆ ಕಟ್ಟಾದರೂ ಜಾಗ ತಲುಪಿದ್ದರೆ ಗಾಡಿ ಹೊರಡುತ್ತದೆ. ಫೋನಿನ ಮ್ಯಾಪಿನಲ್ಲಿ ಕಾಣುವ ಅಕ್ಷಾಂಶ-ರೇಖಾಂಶ ಓದಿ ಹೇಳಿ. ಆಮೇಲೆ ಏನಾಯಿತು, ಎಷ್ಟು ಜನಕ್ಕೆ, ಪ್ರಜ್ಞೆ ಇದೆಯಾ, ಉಸಿರಾಡುತ್ತಿದ್ದಾರಾ. ಅವರು ಇಡಿ ಅನ್ನುವ ತನಕ ಫೋನ್ ಇಡಬೇಡಿ. ಕರೆ ಹೋಗದ ಕಡೆ ಕೆಲವು ಸಲ ಮೆಸೇಜ್ ಹೋಗುತ್ತದೆ. ಅದೂ ಇಲ್ಲದ ಬೆಟ್ಟದಲ್ಲಿ ಸೀಟಿ ಅಥವಾ ಟಾರ್ಚಿನಿಂದ ಒಂದು ನಿಮಿಷದಲ್ಲಿ ಆರು ಸಲ ಸೂಚನೆ ಕೊಟ್ಟು, ಒಂದು ನಿಮಿಷ ಬಿಟ್ಟು ಮತ್ತೆ ಆರು. ಇದು ಪರ್ವತಗಳಲ್ಲಿ ಬಳಕೆಯಲ್ಲಿರುವ ಅಪಾಯದ ಸಂಕೇತ. ಒಂದು ನಿಮಿಷದಲ್ಲಿ ಮೂರು ಸಲ ಉತ್ತರದ ಸೂಚನೆ ಬಂದರೆ ಯಾರೋ ಕೇಳಿಸಿಕೊಂಡಿದ್ದಾರೆ ಅಂತ ಅರ್ಥ.

ಪೆನ್ನು ಈಗ ಬೇಕು. ಎಷ್ಟು ಹೊತ್ತಿಗೆ ಬಿದ್ದರು, ಯಾವಾಗ ಏನು ಕೊಟ್ಟಿರಿ, ಯಾವಾಗ ಪ್ರಜ್ಞೆ ಹೋಯಿತು, ಕೈಮೇಲೆ ಬರೆದುಕೊಂಡರೂ ಸರಿ. ಗಾಬರಿಯಲ್ಲಿ ಹತ್ತು ನಿಮಿಷ ಒಂದು ಗಂಟೆಯಂತೆ ಕಾಣುತ್ತದೆ, ಡಾಕ್ಟರಿಗೆ ಬೇಕಾದದ್ದು ಗಡಿಯಾರದ ಹೊತ್ತು.

ದಾರಿಯಲ್ಲಿ ಎದುರಾಗುವ ತೊಂದರೆಗಳು

ಕರೆದರೆ ಏಳುತ್ತಿಲ್ಲ, ಉಸಿರಾಟ ಸರಿಯಾಗಿಲ್ಲ ಅಂದರೆ ಸಿಪಿಆರ್, ಅಂದರೆ ಎದೆ ಒತ್ತಿ, ಬಾಯಿಂದ ಉಸಿರು ಕೊಟ್ಟು ಜೀವ ಹಿಡಿಯುವ ಕೆಲಸ. ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಏದುವುದು ಉಸಿರಾಟ ಅಲ್ಲ, ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ದೊಡ್ಡವರಿಗೆ ಎದೆಯ ನಡುವೆ, 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಕಲಿತಿದ್ದರೆ 30 ಒತ್ತಿಗೆ 2 ಉಸಿರು, ಕಲಿತಿಲ್ಲದಿದ್ದರೆ ಒತ್ತುವುದೊಂದನ್ನೇ ನಿಲ್ಲಿಸದೆ ಮಾಡಿ. ಎರಡು ನಿಮಿಷಕ್ಕೊಮ್ಮೆ ಬೇರೆಯವರು ಕೈ ಬದಲಾಯಿಸಲಿ, ಅಷ್ಟರಲ್ಲೇ ತೋಳು ಸೋತಿರುತ್ತದೆ. ಹತ್ತಿರದಲ್ಲಿ ಎಇಡಿ, ಅಂದರೆ ಹೃದಯಕ್ಕೆ ಶಾಕ್ ಕೊಡುವ ಯಂತ್ರ ಇದ್ದರೆ ಒಬ್ಬರನ್ನು ಓಡಿಸಿ ತರಿಸಿ, ಅದು ತಾನೇ ಮಾತಾಡಿ ದಾರಿ ಹೇಳುತ್ತದೆ.

ಮುಖ ಒಂದು ಕಡೆ ಜೋತಿದೆ, ಒಂದು ಕೈ ಮೇಲೇಳುತ್ತಿಲ್ಲ, ಮಾತು ತೊದಲುತ್ತಿದೆ ಅಂದರೆ ಪಾರ್ಶ್ವವಾಯು ಅಂತಲೇ ತಿಳಿದು ಹೊರಡಿ. "ಸ್ವಲ್ಪ ಮಲಗಲಿ, ಸರಿಹೋಗುತ್ತದೆ" ಅನ್ನುವ ಮಾತು ಇಲ್ಲಿ ವಿಷ. ಕೊನೆಯ ಸಲ ಅವರು ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ ಅಂತ ಬರೆದುಕೊಳ್ಳಿ, ಹೆಪ್ಪು ಕರಗಿಸುವ ಔಷಧಿ ಕೊಡಬಹುದಾ ಅಂತ ಡಾಕ್ಟರು ಆ ಹೊತ್ತಿನ ಮೇಲೇ ತೀರ್ಮಾನಿಸುತ್ತಾರೆ.

ಬಿಸಿಲು. ಸುಸ್ತು, ಬೆವರು, ತಲೆನೋವು ಇದ್ದರೆ ನೆರಳು, ನೀರು, ವಿಶ್ರಾಂತಿ. ಆದರೆ ಗೊಂದಲದ ಮಾತು ಶುರುವಾಯಿತು, ನಡಿಗೆ ತೂರಾಡುತ್ತಿದೆ, ಮೈ ಕಾದ ಹೆಂಚಿನಂತಾಗಿದೆ ಅಂದರೆ ಅದು ಶಾಖಾಘಾತ, ಮೈಯ ಉಷ್ಣಾಂಶ 40 ಡಿಗ್ರಿ ದಾಟಿರುತ್ತದೆ. ಆಂಬುಲೆನ್ಸ್ ಕಾಯುತ್ತಾ ಕೂರಬೇಡಿ, ಆ ಕ್ಷಣವೇ ತಂಪು ಮಾಡಿ. ತಣ್ಣೀರಿನಲ್ಲಿ ಕೂರಿಸಲು ಆದರೆ ಅದೇ ಒಳ್ಳೆಯದು, ಆಗದಿದ್ದರೆ ಮೈಗೆಲ್ಲ ನೀರು ಸುರಿದು ಜೋರಾಗಿ ಗಾಳಿ ಬೀಸಿ, ಐಸ್ ಇದ್ದರೆ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಬೆವರುತ್ತಿದ್ದಾರೆ, ಹಾಗಾಗಿ ಇದು ಶಾಖಾಘಾತ ಅಲ್ಲ ಅಂದುಕೊಳ್ಳಬೇಡಿ, ನಡೆದು ಬಂದವರು ಬೆವರುತ್ತಲೇ ಕುಸಿಯುತ್ತಾರೆ.

ವಾಂತಿ-ಭೇದಿಗೆ ಓಆರ್‌ಎಸ್. ಪೊಟ್ಟಣ ಮುಗಿದಿದ್ದರೆ 1 ಲೀಟರ್ ಶುದ್ಧ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟಸವಾಗಿ. ಗುಟುಕು ಗುಟುಕಾಗಿ ಕುಡಿಸಿ.

ರಕ್ತ ಸುರಿಯುತ್ತಿದ್ದರೆ ಬಟ್ಟೆ ಇಟ್ಟು ಗಾಯದ ಮೇಲೇ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ನಿಂತಿತಾ ಅಂತ ಎತ್ತಿ ಎತ್ತಿ ನೋಡಬೇಡಿ. ಫಿಟ್ಸ್ ಬಂದರೆ ಕೈಕಾಲು ಹಿಡಿಯಬೇಡಿ, ಬಾಯಿಗೆ ಏನೂ ತುರುಕಬೇಡಿ, ಕಬ್ಬಿಣ-ಕೀಲಿಕೈ ಎಲ್ಲ ಬೇಡ. ತಲೆಯ ಕೆಳಗೆ ಮೆತ್ತಗಿನದ್ದು ಇಟ್ಟು ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ ಆಂಬುಲೆನ್ಸ್, ನಿಂತ ಮೇಲೆ ಮಗ್ಗುಲಿಗೆ ಮಲಗಿಸಿ. ಸಕ್ಕರೆ ಕಾಯಿಲೆಯವರು ನಡುಗುತ್ತಾ ಬೆವರುತ್ತಾ ಗೊಂದಲದಲ್ಲಿದ್ದರೆ ಸಕ್ಕರೆ ಕೊಡಿ, ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ.

ಏನೋ ತಿಂದು ಅಥವಾ ಜೇನು ಕಚ್ಚಿ ತುಟಿ-ಗಂಟಲು ಊದಿ ಉಸಿರು ಕಟ್ಟುತ್ತಿದ್ದರೆ ಅದು ತೀವ್ರ ಅಲರ್ಜಿ. ಅವರ ಬ್ಯಾಗಿನಲ್ಲಿ ಅಡ್ರಿನಲಿನ್ ಇಂಜೆಕ್ಷನ್ ಪೆನ್ ಇದ್ದರೆ ತೊಡೆಯ ಹೊರಭಾಗದ ನಡುವಿಗೆ ಚುಚ್ಚಬೇಕು, ತಡಮಾಡದೆ. ಮಲಗಿಸಿ, ಉಸಿರಾಟ ಕಷ್ಟವಾದರೆ ಕೂರಿಸಿ, ಎದ್ದು ನಡೆಯಲು ಬಿಡಬೇಡಿ. ಆ ಪೆನ್ ಎಲ್ಲಿಟ್ಟಿದ್ದಾರೆ ಅಂತ ಮೊದಲ ದಿನವೇ ಕೇಳಿರಬೇಕು, ಎರಡು ಸೂಟ್‌ಕೇಸು ಕೆಳಗೆ ಇದ್ದರೆ ಇದ್ದೂ ಇಲ್ಲ.

ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು, ಮೂರೂ ಬೇಡ. ಉಂಗುರ-ಬಳೆ ತೆಗೆಸಿ, ಕೈಯೋ ಕಾಲೋ ಅಲುಗಾಡದಂತೆ ಕಟ್ಟಿ, ನಡೆಸದೆ ಹೊತ್ತುಕೊಂಡು ಆಸ್ಪತ್ರೆಗೆ. ಹಾವನ್ನು ಹುಡುಕಿಕೊಂಡು ಹೋಗುವ ಧೀರರು ಪ್ರತಿ ಗುಂಪಿನಲ್ಲೂ ಒಬ್ಬರು ಇರುತ್ತಾರೆ, ಅವರನ್ನು ಮೊದಲು ಹಿಡಿಯಿರಿ.

ಎತ್ತರದ ಜಾಗ ಅಂದರೆ 2,500 ಮೀಟರ್ ಮೇಲೆ ಹುಷಾರು. ತಲೆನೋವು, ವಾಕರಿಕೆ ಶುರುವಾದರೆ ಮೇಲಕ್ಕೆ ಹೋಗುವುದು ನಿಲ್ಲಿಸಿ. ಸುಮ್ಮನೆ ಕೂತಾಗಲೂ ಏದುಸಿರು, ಅಥವಾ ನೆಟ್ಟಗೆ ಒಂದು ಗೆರೆಯ ಮೇಲೆ ನಡೆಯಲು ಆಗುತ್ತಿಲ್ಲ ಅಂದರೆ ರಾತ್ರಿಯಾದರೂ ಸರಿ, ಕೆಳಗಿಳಿಸಿ. ಬೆಳಗಾಗಲಿ ಅಂತ ಕಾದವರು ಬೆಳಗು ಕಾಣದೆ ಹೋಗಿದ್ದಾರೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ರಾತ್ರಿಯಿಂದ ರಾತ್ರಿಗೆ 500 ಮೀಟರಿಗಿಂತ ಜಾಸ್ತಿ ಏರಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಒಂದು ದಿನ ವಿರಾಮ.

ಮುಳುಗುವವರು ಕೂಗುತ್ತಾರೆ, ಕೈ ಬೀಸುತ್ತಾರೆ ಅಂದುಕೊಂಡಿದ್ದೇವೆ. ನಿಜವಾಗಿ ಮುಳುಗುತ್ತಿರುವವರಿಗೆ ಉಸಿರಿಗೇ ಸಮಯ ಸಾಲದು, ಸದ್ದಿಲ್ಲದೆ 20ರಿಂದ 60 ಸೆಕೆಂಡಿನಲ್ಲಿ ಒಳಗೆ ಹೋಗುತ್ತಾರೆ. ಹಾಗಾಗಿ ಗುಂಪು ನೀರಿನಲ್ಲಿದ್ದಾಗ ನೀವು ಫೋನ್ ನೋಡುವಂತಿಲ್ಲ. ಕಾಪಾಡಲು ನೀರಿಗೆ ಹಾರಬೇಡಿ: ಕೋಲು ಚಾಚಿ, ಹಗ್ಗ ಎಸೆಯಿರಿ, ತೇಲುವ ಖಾಲಿ ಕ್ಯಾನಾದರೂ ಎಸೆಯಿರಿ. ಸಮುದ್ರದ ಸೆಳೆತಕ್ಕೆ ಸಿಕ್ಕವರು ದಡದ ಕಡೆಗೇ ಈಜಿ ಸೋಲುತ್ತಾರೆ, ತೇಲುತ್ತಾ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕು. ಮುಳುಗಿ ಮೇಲೆ ಬಂದವರಿಗೆ ಉಸಿರು ಇಲ್ಲದಿದ್ದರೆ ಬಾಯಿಂದ ಉಸಿರು ಕೊಡುವುದರಿಂದಲೇ ಶುರು, ಹೊಟ್ಟೆ ಒತ್ತಿ ನೀರು ತೆಗೆಯುವ ಸಾಹಸ ಬೇಡ.

ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಒಳಗೆ ಹೋಗಿ, ಕಟ್ಟಡ ಅಥವಾ ಮುಚ್ಚಿದ ಗಾಡಿ. ಕೊನೆಯ ಗುಡುಗಿನ ಮೇಲೆ 30 ನಿಮಿಷ ಹೊರಗೆ ಬರಬೇಡಿ. ಒಂಟಿ ಮರದ ಕೆಳಗೆ ಅಂತೂ ನಿಲ್ಲಲೇಬಾರದು.

ಒಬ್ಬರು ಕಾಣೆಯಾದರೆ

ಮೊದಲು ಉಳಿದವರನ್ನು ಒಂದು ಕಡೆ ಕೂರಿಸಿ. ಹುಡುಕುವ ಉತ್ಸಾಹದಲ್ಲಿ ದಿಕ್ಕಿಗೊಬ್ಬರು ಹೋದರೆ ಕಾಣೆಯಾದವರು ಒಬ್ಬರಲ್ಲ, ಆರು ಜನ. ಕೊನೆಯ ಸಲ ಯಾರು, ಎಲ್ಲಿ, ಎಷ್ಟು ಹೊತ್ತಿಗೆ ನೋಡಿದರು ಅಂತ ಕೇಳಿ. ಫೋನ್ ಮಾಡಿ. ಒಬ್ಬರನ್ನು ಕೊನೆಯ ಸಲ ಕಂಡ ಜಾಗದಲ್ಲೇ ನಿಲ್ಲಿಸಿ, ಇಬ್ಬರು ಬಂದ ದಾರಿಯಲ್ಲೇ ವಾಪಸ್ ಹೋಗಲಿ, ಇಷ್ಟು ನಿಮಿಷಕ್ಕೆ ತಿರುಗಿ ಬರಬೇಕು ಅಂತ ಹೇಳಿ ಕಳಿಸಿ. ಮಗು, ವಯಸ್ಸಾದವರು, ನೀರು, ಕತ್ತಲು, ಚಳಿ ಇವುಗಳಲ್ಲಿ ಒಂದಿದ್ದರೂ ಪೊಲೀಸರಿಗೆ ಹೇಳಲು ಕಾಯಬೇಡಿ.

ಬಟ್ಟೆಯ ಗುರುತೊಂದನ್ನೇ ನಂಬಬೇಡಿ. 2012ರಲ್ಲಿ ಐಸ್‌ಲ್ಯಾಂಡಿನಲ್ಲಿ ಬಸ್ಸಿನಲ್ಲಿ ಬಂದ ಪ್ರವಾಸಿ ಮಹಿಳೆಯೊಬ್ಬರು ಒಂದು ಕಡೆ ಇಳಿದು ಬಟ್ಟೆ ಬದಲಾಯಿಸಿ ವಾಪಸ್ ಹತ್ತಿದರು, ಗುಂಪಿಗೆ ಗುರುತು ಸಿಗಲಿಲ್ಲ. ಕಾಣೆಯಾದವರ ವರ್ಣನೆ ಕೇಳಿ ಅದು ತಾನೇ ಅಂತ ಅವರಿಗೂ ಹೊಳೆಯದೆ, ತಮ್ಮನ್ನು ತಾವೇ ಹುಡುಕುವ ತಂಡದ ಜೊತೆ ಸೇರಿ ರಾತ್ರಿ ಬಹಳ ಹೊತ್ತಿನ ತನಕ ಹುಡುಕಿದರು! ನಗು ಬರುತ್ತದೆ, ಆದರೆ ಹೆಸರು ಕೂಗಿ ಹಾಜರಿ ತೆಗೆದಿದ್ದರೆ ಎರಡು ನಿಮಿಷದ ಕೆಲಸ. ನಾನು ಪ್ರತಿದಿನ ಬೆಳಗ್ಗೆ ಹೊರಡುವ ಮೊದಲು ಗುಂಪಿನ ಒಂದು ಫೋಟೊ ತೆಗೆಯುತ್ತೇನೆ. ಜನ ನೆನಪಿಗೆ ಅಂದುಕೊಳ್ಳುತ್ತಾರೆ, ಇರಲಿ.

ಉಳಿದವರ ಗತಿ

ಒಬ್ಬರನ್ನು ಆಸ್ಪತ್ರೆಗೆ ಕಳಿಸಬೇಕು, ಗೈಡ್ ನೀವು ಒಬ್ಬರೇ. ಯಾರ ಜೊತೆ ಹೋಗುತ್ತೀರಿ? ನನ್ನ ಉತ್ತರ: ಅವರ ಮನೆಯವರೋ ಜೋಡಿಯವರೋ ಆಂಬುಲೆನ್ಸಿನಲ್ಲಿ ಹೋಗಲಿ, ಪಟ್ಟಿಯ ಪ್ರತಿ, ಔಷಧಿ, ಪಾಸ್‌ಪೋರ್ಟ್, ಇನ್ಶೂರೆನ್ಸ್ ಕಾಗದ ಅವರ ಕೈಗೆ ಕೊಡಿ. ನೀವು ಗುಂಪನ್ನು ಸುರಕ್ಷಿತವಾದ ಜಾಗಕ್ಕೆ ಮುಟ್ಟಿಸಿ, ಆಫೀಸಿನಿಂದ ಬೇರೆ ಗೈಡ್ ಕರೆಸಿ, ಆಮೇಲೆ ಆಸ್ಪತ್ರೆಗೆ ಹೋಗಿ. ಒಬ್ಬಂಟಿಯಾಗಿ ಬಂದವರಿಗೆ, ಭಾಷೆ ಬಾರದವರಿಗೆ ಮಾತ್ರ ಈ ನಿಯಮ ಮುರಿದು ಯಾರಾದರೂ ಜವಾಬ್ದಾರಿ ಇರುವವರು ಜೊತೆ ಹೋಗಲೇಬೇಕು. ಅದಕ್ಕೇ ಹನ್ನೆರಡು ಹದಿನೈದು ಜನ ದಾಟಿದ ಗುಂಪಿಗೆ ಒಬ್ಬ ಗೈಡ್ ಅನ್ನುವ ಏರ್ಪಾಟನ್ನು ನಾನು ಒಪ್ಪುವುದಿಲ್ಲ, ದುಡ್ಡು ಉಳಿಸುವ ಜಾಗ ಅದಲ್ಲ.

ಗುಂಪಿಗೆ ಏನಾಯಿತು ಅಂತ ಹೇಳಿ. ಮುಚ್ಚಿಟ್ಟರೆ ಗಾಳಿಮಾತು ಹುಟ್ಟುತ್ತದೆ. ಗೊತ್ತಿರುವುದನ್ನು ಹೇಳಿ, ಗೊತ್ತಿಲ್ಲದ್ದಕ್ಕೆ "ಗೊತ್ತಾದ ತಕ್ಷಣ ಹೇಳುತ್ತೇನೆ" ಅನ್ನಿ, ಮತ್ತು ನಿಜವಾಗಿಯೂ ಹೇಳಿ. ಫೋಟೊ, ವಿಡಿಯೊ ಎಲ್ಲೂ ಹಾಕಬೇಡಿ ಅಂತ ಕೈಮುಗಿದಾದರೂ ಕೇಳಿಕೊಳ್ಳಿ. ತಾಯಿಗೆ ಮಗನ ಸುದ್ದಿ ವಾಟ್ಸಾಪ್ ಸ್ಟೇಟಸ್‌ನಿಂದ ಗೊತ್ತಾಗಬಾರದು. ಮನೆಯವರಿಗೆ ಒಬ್ಬರೇ ಫೋನ್ ಮಾಡಬೇಕು, ಯಾರು ಅಂತ ಆಫೀಸಿನ ಜೊತೆ ಮೊದಲೇ ಮಾತಾಗಿರಲಿ. ಸಾವಿನ ಸುದ್ದಿಯಾದರೆ ಅದನ್ನು ಪೊಲೀಸರು, ಆಸ್ಪತ್ರೆಯವರು, ಬೇರೆ ದೇಶವಾದರೆ ರಾಯಭಾರ ಕಚೇರಿಯವರು ಹೇಳಲಿ.

ಮುಗಿದ ಮೇಲೆ

ಅದೇ ರಾತ್ರಿ ಬರೆಯಿರಿ. ಹೊತ್ತು, ಜಾಗ, ಕಂಡದ್ದು, ಮಾಡಿದ್ದು, ಅಲ್ಲಿದ್ದವರ ಹೆಸರು. "ಅವರು ಅಜಾಗರೂಕರಾಗಿದ್ದರು" ಅಂತ ಬರೆಯಬೇಡಿ, "ಬೇಲಿ ದಾಟಿ ಮೂರು ಹೆಜ್ಜೆ ಮುಂದೆ ನಿಂತಿದ್ದರು" ಅಂತ ಬರೆಯಿರಿ. ಏನೂ ಆಗದೆ ಕೂದಲೆಳೆಯಲ್ಲಿ ತಪ್ಪಿದ್ದನ್ನೂ ಬರೆಯಿರಿ. ಇವತ್ತು ಜಾರಿ ನಗುತ್ತಾ ಎದ್ದ ಮೆಟ್ಟಿಲಲ್ಲೇ ಮುಂದಿನ ತಿಂಗಳು ಇನ್ನೊಬ್ಬರ ಸೊಂಟ ಮುರಿಯುತ್ತದೆ.

ಮತ್ತೆ ನಿಮ್ಮ ವಿಷಯ. ಎಲ್ಲ ಮುಗಿಯುವ ತನಕ ಗಟ್ಟಿಯಾಗಿದ್ದವರಿಗೆ ಎರಡು ದಿನ ಬಿಟ್ಟು ಕೈ ನಡುಗುತ್ತದೆ, ನಿದ್ದೆ ಬರುವುದಿಲ್ಲ, "ಅರ್ಧ ನಿಮಿಷ ಮೊದಲೇ ತಿರುಗಿ ನೋಡಿದ್ದರೆ" ಅಂತ ತಲೆ ಕೊರೆಯುತ್ತದೆ. ನನಗೂ ಆಗಿದೆ. ಇನ್ನೊಬ್ಬ ಗೈಡ್ ಹತ್ತಿರ ಕೂತು ಎಲ್ಲವನ್ನೂ ಹೇಳಿಕೊಳ್ಳಿ. ವಾರಗಳಾದರೂ ಹೋಗದಿದ್ದರೆ ಡಾಕ್ಟರ ಹತ್ತಿರ ಹೋಗಿ. ಕಿಟ್‌ನಲ್ಲಿ ಖರ್ಚಾದದ್ದನ್ನು ತುಂಬಿಸಿ, ಪೆನ್ನು ಇದೆಯಾ ನೋಡಿ, ಮುಂದಿನ ಗುಂಪಿನ ಪಟ್ಟಿ ಎರಡು ಪ್ರತಿ ತೆಗೆಸಿಕೊಳ್ಳಿ.